ಹಿಂದಿನ ಗಾಲಿಯ ಗುಂಯ್ ಸದ್ದು: ಟೈರೋ, ಬೇರಿಂಗೋ, ಡಿಫರೆನ್ಷಿಯಲ್ಲೋ?

ಕುಮಟಾ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಂಕೋಲಾ ಕಡೆ ಹೊರಟ ಕಾರು 50ರ ವೇಗ ಮುಟ್ಟುತ್ತಿದ್ದಂತೆ ಹಿಂದಿನ ಸೀಟಿನಿಂದ ಪ್ರಶ್ನೆ ಬರುತ್ತದೆ: "ಎಂತದು ಇದು, ಗುಂಯ್ ಅಂತ ಉಂಟಲ್ಲ?" ಸ್ಟಿಯರಿಂಗ್ ಹಿಡಿದವರಿಗೆ ಎಂಜಿನ್ನಿನ ಸದ್ದು ಹತ್ತಿರ, ಹಾಡೂ ಹಾಕಿರುತ್ತಾರೆ. ಹಾಗಾಗಿ ಹಿಂದಿನ ಗಾಲಿಯ ಸದ್ದು ಅವರ ಕಿವಿಗೆ ಬೀಳುವುದು ಎಲ್ಲರಿಗಿಂತ ತಡವಾಗಿ. ಗ್ಯಾರೇಜಿಗೆ ಒಯ್ದರೆ "ಬೇರಿಂಗ್ ಹೋಗಿದೆ" ಎಂಬ ಉತ್ತರ, ಅಂದರೆ ಗಾಲಿ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ ಕೆಟ್ಟಿದೆ ಎಂಬ ಉತ್ತರ, ಸಿಗುವುದೂ ಹೆಚ್ಚು. ಎಷ್ಟೋ ಸಲ ಅದು ನಿಜವೇ. ಆದರೆ ಹೊಸ ಬೇರಿಂಗ್ ಹಾಕಿಸಿಕೊಂಡು ಬಂದ ಮೇಲೂ ಅದೇ ಸದ್ದು ಅದೇ ವೇಗದಲ್ಲಿ ಕೇಳಿಸಿ, ಕೊನೆಗೆ ಟೈರ್ ಬದಲಿಸಿದಾಗ ನಿಂತ ಉದಾಹರಣೆಗಳೂ ನಮ್ಮ ಕಡೆ ಬೇಕಾದಷ್ಟಿವೆ.

ಸದ್ದು ಯಾವ ಥರದ್ದು ಎಂದು ಬಾಯಲ್ಲಿ ಅನುಕರಿಸಿ ತೋರಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಒಬ್ಬರ ಗುಂಯ್ ಇನ್ನೊಬ್ಬರಿಗೆ ಊಂ. ಸದ್ದು ಯಾವುದರ ಜೊತೆ ಬದಲಾಗುತ್ತದೆ ಎಂದು ನೋಡಬೇಕು. ರಸ್ತೆಯ ಮೈ ಬದಲಾದಾಗಲೋ, ಸ್ಟಿಯರಿಂಗ್ ತಿರುಗಿಸಿದಾಗಲೋ, ಬ್ರೇಕ್ ಒತ್ತಿದಾಗಲೋ, ಆಕ್ಸಿಲರೇಟರ್ ಬಿಟ್ಟಾಗಲೋ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ದೋಷದ ಜಾಗ ಬಹುಪಾಲು ಸಿಕ್ಕಂತೆ. ಕೆಳಗಿನ ಭಾಗಗಳೂ ಅದೇ ದಾರಿಯಲ್ಲಿವೆ: ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಜಾಕ್, ಕೊನೆಗೆ ಗ್ಯಾರೇಜು.

ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಬೇಡ, ಗಾಡಿ ನಿಲ್ಲಿಸಿ

ಗುಂಯ್ ಹೋಗಿ ಕರಕರ ಅರೆಯುವ ಸದ್ದು ಬರುತ್ತಿದ್ದರೆ, ಹಿಂಭಾಗ ತನ್ನಷ್ಟಕ್ಕೆ ಅತ್ತಿತ್ತ ತೂಗುತ್ತಿದ್ದರೆ, ಒಂದು ಗಾಲಿಯ ಹತ್ತಿರ ಸುಟ್ಟ ವಾಸನೆ ಅಥವಾ ಹೊಗೆ ಇದ್ದರೆ, ಗಾಲಿ ಓರೆಯಾಗಿ ನಿಂತಂತೆ ಕಂಡರೆ, ಗಾಲಿಯ ನಟ್ ಒಂದಾದರೂ ಸಡಿಲ ಅಥವಾ ಇಲ್ಲವಾಗಿದ್ದರೆ ಮುಂದೆ ಓಡಿಸಬಾರದು. ಕೊನೆಯ ಹಂತ ಮುಟ್ಟಿದ ಬೇರಿಂಗ್ ಓಡುವಾಗಲೇ ಜಾಮ್ ಆಗಬಹುದು, ಗಾಲಿಯೇ ಕಳಚಿಕೊಳ್ಳಬಹುದು. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಹಾಗಾದರೆ ಪಕ್ಕದಲ್ಲಿ ಕಂದಕ, ಎದುರಿಗೆ ಲಾರಿ. "ಹೇಗಾದರೂ ಶಿರಸಿ ಮುಟ್ಟುವ" ಎನ್ನುವ ಆಸೆಯನ್ನು ಅಲ್ಲೇ ಬಿಡಿ. ಅಗಲವಾದ ಜಾಗ ನೋಡಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಜನರನ್ನು ಕೆಳಗಿಳಿಸಿ, ಗಾಡಿ ಸಾಗಿಸುವ ಲಾರಿಗೆ ಫೋನ್ ಮಾಡಿ. ಎಳೆಸುವುದಾದರೆ ಕೆಟ್ಟ ಗಾಲಿ ನೆಲಕ್ಕೆ ತಾಗದಂತೆ ಎಳೆಸಬೇಕು.

ನಿಂತಲ್ಲೇ ಎಂಜಿನ್ ರೇಸ್ ಮಾಡಿದರೂ ಅದೇ ಸದ್ದು

ಹಾಗಿದ್ದರೆ ಅದು ಗಾಲಿಯದ್ದಲ್ಲ. ಸೈಲೆನ್ಸರ್ ತೂಗುಹಾಕುವ ರಬ್ಬರ್ ಹರಿದು ಪೈಪು ಚಾಸಿಗೆ ತಾಗುತ್ತಿರಬಹುದು. ಉಪ್ಪುಗಾಳಿಗೆ ಸೈಲೆನ್ಸರ್ ತೂತಾಗಿದ್ದರೂ ಹಿಂದಿನಿಂದ ಇಂಥದೇ ಮೊರೆತ ಬರುತ್ತದೆ.

ಎಂಜಿನ್ನಿನದೋ ಗಾಲಿಯದೋ ಎಂಬ ಅನುಮಾನ ಉಳಿದರೆ ಸಮತಟ್ಟಾದ, ಖಾಲಿ, ನೇರ ರಸ್ತೆಯಲ್ಲಿ ಸದ್ದು ಬರುವ ವೇಗಕ್ಕೆ ಹೋಗಿ, ಅದೇ ವೇಗದಲ್ಲಿ ಒಂದು ಗೇರ್ ಕೆಳಗೆ ಹಾಕಿ. ಎಂಜಿನ್ ಜೋರಾಗಿ ತಿರುಗಿದರೂ ಗುಂಯ್‌ನ ಸ್ವರ ಏರದೆ ಹಾಗೇ ಇದ್ದರೆ ಅದು ಗಾಲಿಯ ಜೊತೆ ತಿರುಗುವ ಯಾವುದೋ ಭಾಗದ್ದು. ನ್ಯೂಟ್ರಲ್‌ಗೆ ಹಾಕಿ ನೋಡುವವರೂ ಇದ್ದಾರೆ. ಸಮತಟ್ಟಿನಲ್ಲಿ ನಾಲ್ಕು ಸೆಕೆಂಡ್ ಅದು ನಡೆದೀತು, ಘಟ್ಟದ ಇಳಿಜಾರಿನಲ್ಲಿ ಎಂದೂ ಬೇಡ. ಎಂಜಿನ್ನಿನ ಹಿಡಿತ ತಪ್ಪಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಇದರ ಜೊತೆಗೇ ಡಿಕ್ಕಿ ಖಾಲಿ ಮಾಡಿ, ಸ್ಟೆಪ್ನಿ ಬಿಗಿಯಾಗಿದೆಯೇ ನೋಡಿ. ಮೇಲೆ ಕ್ಯಾರಿಯರ್ ಇದ್ದರೆ ಅದರ ಸಿಳ್ಳೆಯೂ ಹಿಂದಿನಿಂದಲೇ ಬಂದಂತೆ ಕೇಳುತ್ತದೆ. ಮಡ್‌ಫ್ಲ್ಯಾಪ್ ಟೈರಿಗೆ ಉಜ್ಜುತ್ತಿದೆಯೇ, ರಿಮ್ಮಿನ ಒಳಗೆ ಕೆಂಪು ಮಣ್ಣು ಗಟ್ಟಿ ಹಿಡಿದಿದೆಯೇ ಎಂದೂ ಬಗ್ಗಿ ನೋಡಿ. ಮಣ್ಣು ಸಾಮಾನ್ಯವಾಗಿ ಗಾಡಿಯನ್ನು ನಡುಗಿಸುತ್ತದೆ, ಗುಂಯ್ ಅನ್ನಿಸುವುದಿಲ್ಲ. ಆದರೂ ತೊಳೆದ ಮೇಲೆ ಕೇಳಿದರೆ ಗೊಂದಲ ಕಡಿಮೆ.

ಸದ್ದು ಹಿಂದಿನದೇ ಎಂದು ಒಬ್ಬರೇ ತೀರ್ಮಾನಿಸಬೇಡಿ. ಮುಂದಿನ ಬೇರಿಂಗ್‌ನ ಸದ್ದು ಬಾಡಿಯ ತಗಡಿನಲ್ಲಿ ಹರಿದು ಹಿಂದಿನಿಂದ ಬಂದಂತೆ ಮೋಸ ಮಾಡುತ್ತದೆ. ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಳಿತು ಕೇಳಲಿ. ಕಿಟಕಿ ಇಳಿಸಿ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ಹೋದರೆ ಆ ಬದಿಯ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ, ಎಡವೋ ಬಲವೋ ತಿಳಿಯಲು ಇದು ಒಳ್ಳೆಯ ಉಪಾಯ. ಕಾರವಾರ–ಬಿಣಗಾ ನಡುವಿನ ಸುರಂಗದಲ್ಲಿ ಸದ್ದು ಜೋರಾಗಿ ಕೇಳುತ್ತದೆ ನಿಜ, ಆದರೆ ಎಲ್ಲ ಕಡೆಯಿಂದ ಮಾರ್ದನಿ ಬರುವುದರಿಂದ ಬದಿ ಗುರುತಿಸಲು ಅದು ನೆರವಾಗುವುದಿಲ್ಲ.

ರಸ್ತೆ ಬದಲಾದರೆ ಸದ್ದೂ ಬದಲಾಗುತ್ತದೆ

ಹೊಸ ಡಾಂಬರಿನ ನುಣುಪು ರಸ್ತೆಯಲ್ಲಿ ಕಡಿಮೆ, ಜಲ್ಲಿ ಎದ್ದ ಹಳೆ ಡಾಂಬರಿನಲ್ಲಿ ಹೆಚ್ಚು, ಊರೊಳಗಿನ ಕಾಂಕ್ರೀಟ್ ರಸ್ತೆಗೆ ಇಳಿದ ಕೂಡಲೇ ಬೇರೆಯೇ ಸ್ವರ. ಹೀಗಿದ್ದರೆ ಮೊದಲ ಅನುಮಾನ ಟೈರಿನ ಮೇಲೆ. ಬೇರಿಂಗ್‌ಗೆ ರಸ್ತೆಯ ಮೈ ಗೊತ್ತಾಗುವುದಿಲ್ಲ.

ಮೊದಲು ಗಾಳಿ. ಕಾರು ಓಡುವ ಮುಂಚೆ, ಟೈರ್ ತಣ್ಣಗಿರುವಾಗ ಅಳೆಯಬೇಕು. ಎಷ್ಟು ಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಪೂರ್ತಿ ಲೋಡಿಗೆ ಹಿಂದಿನ ಟೈರಿಗೆ ಹೆಚ್ಚು ಗಾಳಿ ಎಂದು ಬೇರೆಯಾಗಿ ಬರೆದಿರುವುದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಅಡಿಕೆ ಚೀಲ ತುಂಬಿದ ಕಾರಿಗೂ ಇಬ್ಬರೇ ಹೋಗುವ ಕಾರಿಗೂ ಒಂದೇ ಗಾಳಿ ಹಾಕಿ ಓಡಿಸಿದರೆ ಟೈರಿನ ಅಂಚು ಬೇಗ ತಿಂದುಹೋಗುತ್ತದೆ, ಸದ್ದು ಶುರುವಾಗುತ್ತದೆ.

ಆಮೇಲೆ ಅಂಗೈ. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಟೈರ್ ತಣಿದ ಮೇಲೆ ಹಿಂದಿನ ಟೈರಿನ ಗುಂಡಿಗಳ (ಮೈಮೇಲೆ ಎದ್ದಿರುವ ರಬ್ಬರ್ ಬಿಲ್ಲೆಗಳ) ಮೇಲೆ ಅಂಗೈಯನ್ನು ಹಗುರವಾಗಿ ಮುಂದಕ್ಕೆ ಸವರಿ, ನಂತರ ಹಿಂದಕ್ಕೆ. ತಂತಿ ಎದ್ದಿದೆಯೇ, ಮೊಳೆ ಚುಚ್ಚಿದೆಯೇ ಎಂದು ಮೊದಲೇ ಕಣ್ಣಿನಿಂದ ನೋಡಿಕೊಳ್ಳಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಒಂದು ದಿಕ್ಕಿನಲ್ಲಿ ನಯವಾಗಿ ಜಾರಿದ ಕೈ ವಾಪಸು ಬರುವಾಗ ಪ್ರತಿ ಗುಂಡಿಯ ಅಂಚಿಗೂ ತಡೆದು ತಡೆದು ಬಂದರೆ ಗುಂಡಿಗಳು ಗರಗಸದ ಹಲ್ಲಿನಂತೆ ಸವೆದಿವೆ ಎಂದರ್ಥ. ಕಣ್ಣಿಗೆ ಟೈರ್ ಹೊಸದರಂತೆ ಕಾಣುತ್ತಿದ್ದರೂ ಕೈಗೆ ಇದು ತಿಳಿಯುತ್ತದೆ. ಒಳಬದಿಯನ್ನೂ ಸವರಿ, ಸವೆತ ಹೆಚ್ಚಾಗಿ ಅಡಗಿರುವುದು ಅಲ್ಲೇ. ಗುಂಡಿಗಳ ಬದಲು ಟೈರಿನ ಸುತ್ತ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಸಿಕ್ಕಿದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಅದರ ಮೈಮೇಲೆ ಎಣ್ಣೆ ಸೋರಿ ಧೂಳು ಹಿಡಿದಿದೆಯೇ ನೋಡಿ. ಎಲ್ಲ ಬಿಟ್ಟು ಒಂದೇ ಅಂಚು ತಿಂದಿದ್ದರೆ ಗಾಲಿಯ ಅಲೈನ್‌ಮೆಂಟ್ ತಪ್ಪಿದೆ, ಅಥವಾ ಹೊಂಡಕ್ಕೆ ಬಿದ್ದು ಆಕ್ಸಲ್ ಬಾಗಿದೆ.

ಗುಂಡಿಗಳ ನಡುವಿನ ಸವೆತದ ಗುರುತು, ಅಂದರೆ 1.6 ಮಿ.ಮೀ. ಎತ್ತರದ ಅಡ್ಡಪಟ್ಟಿ, ಗುಂಡಿಯ ಮಟ್ಟಕ್ಕೆ ಬಂದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಟೈರ್ ಬದಲಿಸಿ. ನಮ್ಮ ಮಳೆಗಾಲದ ರಸ್ತೆಗೆ ಅಷ್ಟರವರೆಗೆ ಕಾಯುವುದೂ ಸರಿಯಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದೆ ಮನೆಯಲ್ಲೇ ನಿಂತ ಕಾರಿನ ಟೈರಿನಲ್ಲಿ ಗುಂಡಿ ಉಳಿದಿದ್ದರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿ ಸದ್ದು ಮಾಡುತ್ತದೆ.

ಇಷ್ಟಾದರೂ ನಿಶ್ಚಯವಾಗದಿದ್ದರೆ ಪಂಕ್ಚರ್ ಅಂಗಡಿಯಲ್ಲಿ "ಅಣ್ಣಾ, ಹಿಂದಿನ ಎರಡು ಟೈರು ಮುಂದೆ, ಮುಂದಿನದು ಹಿಂದೆ ಹಾಕಿ ಕೊಡಿ" ಎಂದು ಹೇಳಿ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಅದೇ ಬದಿಯಲ್ಲೇ ಹಿಂದೆಮುಂದೆ ಮಾಡಬೇಕು. ಗಾಳಿಯನ್ನೂ ಹೊಸ ಜಾಗಕ್ಕೆ ತಕ್ಕಂತೆ ಸರಿಮಾಡಿಸಿ. ನಂತರ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ. ಸದ್ದು ಮುಂದಕ್ಕೆ ಬಂತೋ, ಸ್ವರ ಬದಲಾಯಿತೋ, ತಪ್ಪು ಟೈರಿನದು. ಹಿಂದೆಯೇ ಅಲುಗಾಡದೆ ಕುಳಿತಿದ್ದರೆ ಟೈರ್ ನಿರಪರಾಧಿ. ಬೇರಿಂಗ್‌ಗೆ ದುಡ್ಡು ಹಾಕುವ ಮುಂಚೆ ಮಾಡಲೇಬೇಕಾದ ಒಂದೇ ಪರೀಕ್ಷೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುವುದು.

ರಸ್ತೆ ಯಾವುದಾದರೂ ಸದ್ದು ಒಂದೇ, ತಿರುವಿನಲ್ಲಿ ಮಾತ್ರ ಹೆಚ್ಚುಕಡಿಮೆ

ಇದು ಬೇರಿಂಗ್‌ನ ಲಕ್ಷಣ. 40–50ರಲ್ಲಿ ಸಣ್ಣಗೆ ಶುರುವಾಗಿ ವೇಗದ ಜೊತೆ ಏರುತ್ತದೆ. ಮೊದಮೊದಲು ವಿಮಾನ ದೂರದಲ್ಲಿ ಹೋದಂಥ ಗುಂಯ್, ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಗುರ್ರ್, ಆಮೇಲೆ ಕರಕರ. ತಾನಾಗಿ ಸರಿಹೋಗುವ ದೋಷ ಇದಲ್ಲ.

ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ, ಬಲಕ್ಕೆ ತಿರುಗುವಾಗ ಎಡಗಡೆಗೆ. ಆದ್ದರಿಂದ ಎಡ ತಿರುವಿನಲ್ಲಿ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಕೆಟ್ಟಿರುತ್ತದೆ. ಒಮ್ಮೊಮ್ಮೆ ಇದು ಉಲ್ಟಾ ಆಗುವುದೂ ಉಂಟು, ಹಾಗಾಗಿ ಇದನ್ನೇ ಕೊನೆಯ ತೀರ್ಪು ಮಾಡಿಕೊಳ್ಳಬೇಡಿ. ಈ ಪರೀಕ್ಷೆಗೆ ಹೆದ್ದಾರಿಯ ಉದ್ದನೆಯ, ಮೆಲ್ಲನೆ ಬಾಗುವ ತಿರುವು ಬೇಕು. ದೇವಿಮನೆಯ ಹೇರ್‌ಪಿನ್ ತಿರುವುಗಳಲ್ಲಿ ವೇಗವೇ ಇರುವುದಿಲ್ಲ, ಸದ್ದೂ ಬರುವುದಿಲ್ಲ. ಪರೀಕ್ಷೆಗೆಂದು ಹೆದ್ದಾರಿಯಲ್ಲಿ ಬೇಕೆಂದೇ ಅತ್ತಿತ್ತ ಹಾವಿನಂತೆ ಓಡಿಸುವುದು ಬೇಡವೇ ಬೇಡ, ಹಿಂದೆ ಬರುವ ಬೈಕಿನವನಿಗೆ ನಿಮ್ಮ ಉದ್ದೇಶ ಗೊತ್ತಿರುವುದಿಲ್ಲ.

ಇನ್ನು ಜಾಕ್. ಗಟ್ಟಿ, ಸಮತಟ್ಟು ನೆಲ ಬೇಕು. ಮಳೆಗಾಲದ ಅಂಗಳದ ಮಣ್ಣಿನಲ್ಲಿ ಜಾಕ್ ಹುಗಿಯುತ್ತದೆ. ಮುಂದಿನ ಎರಡೂ ಗಾಲಿಗಳಿಗೆ ಹಿಂದೆಮುಂದೆ ದೊಡ್ಡ ಕಲ್ಲು ಅಥವಾ ಮರದ ತುಂಡು ಕೊಡಿ. ಮುಂದಿನ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಕಾರಾದರೆ, ನಮ್ಮ ಹೆಚ್ಚಿನ ಸಣ್ಣ ಕಾರುಗಳು ಹೀಗೇ, ಎಂಜಿನ್ ಆರಿಸಿ ಮೊದಲ ಗೇರಿನಲ್ಲಿ ಬಿಡಿ, ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿ. ಆಮೇಲೆಯೇ ಹ್ಯಾಂಡ್‌ಬ್ರೇಕ್ ಇಳಿಸಿ, ಇಲ್ಲವಾದರೆ ಹಿಂದಿನ ಗಾಲಿ ತಿರುಗುವುದಿಲ್ಲ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಡಿ. ತುಕ್ಕು ತಿಂದ ಅಂಚಿಗೆ ಕೊಟ್ಟರೆ ತಗಡು ಕುಸಿಯುತ್ತದೆ, ಕರಾವಳಿಯ ಹಳೆ ಕಾರುಗಳಲ್ಲಿ ಈ ಭಯ ನಿಜವಾದದ್ದು. ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ, ಅದನ್ನು ನಂಬಿ ಕಾರಿನಡಿ ತಲೆ, ಕೈ, ಕಾಲು ಯಾವುದನ್ನೂ ತೂರಿಸಬೇಡಿ. ಒಳಗೆ ಕೈ ಹಾಕಬೇಕಾದರೆ ಜಾಕ್ ಸ್ಟ್ಯಾಂಡ್ ಇರಲೇಬೇಕು. ಕಾರಿನೊಳಗೆ ಯಾರೂ ಕುಳಿತಿರಬಾರದು.

ಗಾಲಿ ನೆಲ ಬಿಟ್ಟ ಮೇಲೆ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ತಳ್ಳಿ ಎಳೆದು ನೋಡಿ. ಟಕ್ ಟಕ್ ಎಂದು ಅಲುಗಿದರೆ ಎಲ್ಲೋ ಆಟವಿದೆ, ಅಂದರೆ ಸಡಿಲವಾಗಿದೆ. ಹೊರಗೆ ನಿಂತ ಇನ್ನೊಬ್ಬರು ಬಾಗಿಲಿನಿಂದ ಕೈ ಚಾಚಿ ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಆಟ ನಿಂತರೆ ಅದು ಬೇರಿಂಗ್‌ನದು. ಹಾಗೇ ಉಳಿದರೆ ಬುಷ್ (ಜೋಡಣೆಯ ರಬ್ಬರ್) ಅಥವಾ ಸಸ್ಪೆನ್ಷನ್ನಿನದು. ಅಲುಗಲಿಲ್ಲ ಎಂದಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎನ್ನಲಾಗದು. ಗುಂಯ್ ಎನ್ನುವ ಹಂತದ ಬೇರಿಂಗ್ ಬಹಳ ಸಲ ಒಂದಿಷ್ಟೂ ಅಲುಗುವುದಿಲ್ಲ.

ಆಗ ಬೆರಳ ತುದಿ ಬೇಕಾಗುತ್ತದೆ. ಸ್ಟ್ಯಾಂಡ್ ಮೇಲೆ ಕಾರು ನಿಂತಿರಲಿ. ಒಬ್ಬರು ಗಾಲಿಯನ್ನು ಕೈಯಿಂದಲೇ ನಿಧಾನ ತಿರುಗಿಸಬೇಕು, ಇನ್ನೊಬ್ಬರು ಆ ಗಾಲಿಯ ಕಾಯಿಲ್ ಸ್ಪ್ರಿಂಗ್ ಮೇಲೆ ಎರಡು ಬೆರಳು ಇಡಬೇಕು, ಹಿಡಿಯಬಾರದು, ಬರೀ ತಾಗಿಸಬೇಕು. ಒಳ್ಳೆಯ ಬೇರಿಂಗ್ ಆದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬಿದ್ದಿದ್ದರೆ ಮರಳಿನ ಮೇಲೆ ಉರುಳಿದ ಹಾಗೆ ಸಣ್ಣ ಜುಮುಜುಮು ಸ್ಪ್ರಿಂಗ್‌ನಲ್ಲಿ ಹರಿದು ಬರುತ್ತದೆ. ಕಿವಿಗೆ ಸಿಗದ ದೋಷ ಬೆರಳಿಗೆ ಸಿಗುವುದು ಹೀಗೆ. ಎರಡೂ ಬದಿ ಮಾಡಿ ಹೋಲಿಸಿ. ಡ್ರಮ್ಮಿನೊಳಗೆ ಬ್ರೇಕ್ ಶೂ ಹಗುರವಾಗಿ ಸವರುವ ಶರ್ ಶರ್ ಸಹಜ, ಅದನ್ನು ಇದರ ಜೊತೆ ಸೇರಿಸಬೇಡಿ. ಎಂಜಿನ್ ಚಾಲೂ ಮಾಡಿ ಗಾಲಿ ತಿರುಗಿಸುವ ಪ್ರಯೋಗ ಮನೆಯಲ್ಲಿ ಬೇಡ.

ಇದೇ ಸಮಯಕ್ಕೆ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಹೊತ್ತಿದ್ದರೆ ಬೇರಿಂಗ್ ಮೇಲಿನ ಅನುಮಾನ ಇನ್ನೂ ಗಟ್ಟಿ. ಹಲವು ಕಾರುಗಳಲ್ಲಿ ವೇಗ ಅಳೆಯುವ ಕಾಂತದ ಪಟ್ಟಿ ಬೇರಿಂಗ್‌ನ ಸೀಲಿನಲ್ಲೇ ಇರುತ್ತದೆ.

ಬ್ರೇಕ್ ಒತ್ತಿದರೆ ಸದ್ದು ಬದಲಾಗುತ್ತದೆ, ಅಥವಾ ಒಂದು ಗಾಲಿ ಬಿಸಿ

ಕಾರವಾರದಲ್ಲಿ ಒಂದು ವಾರ ಮಳೆಯಲ್ಲಿ ನಿಂತ ಕಾರು ಹೊರಟಾಗ ಹಿಂದಿನಿಂದ ಟಪ್ ಎಂದು ಬಿಟ್ಟುಕೊಂಡು, ಸ್ವಲ್ಪ ದೂರ ಶರ್ರ್ ಎಂದು ಉಜ್ಜಿ ಸುಮ್ಮನಾಗುವುದು ಮಾಮೂಲು. ಡ್ರಮ್ಮಿಗೆ ತುಕ್ಕು ಹಿಡಿದು ಶೂ ಅಂಟಿರುತ್ತದೆ, ನಾಲ್ಕಾರು ಬ್ರೇಕ್ ಹಾಕಿದಾಗ ಹೋಗುತ್ತದೆ. ಹೋಗದಿದ್ದರೆ ಯೋಚಿಸಬೇಕು. ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸುವ ಕಾರಿಗೆ ಸಮತಟ್ಟಾದ ಜಾಗದಲ್ಲಿ ಗೇರ್ ಹಾಕಿ ಗಾಲಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡುವುದು ಒಳ್ಳೆಯ ರೂಢಿ.

ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದು ವಾಪಸು ಬರದಿದ್ದರೆ ಶೂ ಸದಾ ಉಜ್ಜುತ್ತಿರುತ್ತದೆ. ಹತ್ತು ಕಿಲೋಮೀಟರ್ ಸಮತಟ್ಟಿನಲ್ಲಿ ಹೋಗಿ ನಿಲ್ಲಿಸಿ, ಅಂಗೈಯ ಹಿಂಭಾಗವನ್ನು ರಿಮ್ಮಿನ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ಕೈ ಇಡಲಾಗದಷ್ಟು ಶಾಖ ಎಂದಾದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕಾಯುತ್ತಿದೆ. ಘಟ್ಟ ಇಳಿದ ಕೂಡಲೇ ಈ ಪರೀಕ್ಷೆ ಮಾಡಿದರೆ ಎಲ್ಲವೂ ಬಿಸಿಯೇ ಇರುತ್ತವೆ, ಅರ್ಥವಿಲ್ಲ. ಬ್ರೇಕ್ ಹಿಡಿದ ಕಾರನ್ನು ಘಟ್ಟಕ್ಕೆ ಒಯ್ಯಬೇಡಿ, ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ.

ಹಿಂದೆಯೂ ಡಿಸ್ಕ್ ಬ್ರೇಕ್ ಇರುವ ಕಾರುಗಳಲ್ಲಿ ಕೀಂಯ್ ಎಂಬ ಲೋಹದ ಸದ್ದು ಇದ್ದಕ್ಕಿದ್ದಂತೆ ಬಂದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲಿನ ಚೂರು ಸಿಕ್ಕಿಕೊಂಡಿರಬಹುದು. ನಿಧಾನಕ್ಕೆ ಹಿಂದಕ್ಕೂ ಮುಂದಕ್ಕೂ ಓಡಿಸಿದರೆ ಬಿದ್ದುಹೋಗುವುದುಂಟು. ಬ್ರೇಕ್ ಒತ್ತಿದಾಗ ಮಾತ್ರ ಲೋಹ ಅರೆಯುವ ಸದ್ದಾದರೆ ಪ್ಯಾಡ್ ಮುಗಿದಿದೆ, ಅದನ್ನು ಮುಂದೂಡಬಾರದು.

ಆಕ್ಸಿಲರೇಟರ್ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು

ಬೊಲೆರೊ, ಇನ್ನೋವಾ (ಹೈಕ್ರಾಸ್ ಬಿಟ್ಟು), ಓಮ್ನಿ, ಮೀನು ಸಾಗಿಸುವ ಪಿಕಪ್‌ಗಳಂಥ, ಹಿಂದಿನ ಗಾಲಿಗೆ ಶಕ್ತಿ ಹೋಗುವ ಗಾಡಿಗಳ ಮಾತು ಇದು. ಹಿಂದಿನ ಆಕ್ಸಲ್ ನಡುವೆ ಇದ್ದು ಎಂಜಿನ್ ಶಕ್ತಿಯನ್ನು ಎರಡೂ ಗಾಲಿಗೆ ಹಂಚುವ ಡಿಫರೆನ್ಷಿಯಲ್‌ನ ಹಲ್ಲುಗಳು ಸವೆದರೆ ಸದ್ದು ಎಳೆತದ ಜೊತೆ ಬದಲಾಗುತ್ತದೆ. ಗಾಲಿಯ ಬೇರಿಂಗ್ ಆಕ್ಸಿಲರೇಟರಿಗೆ ಇಷ್ಟು ಸ್ಪಷ್ಟವಾಗಿ ಸ್ಪಂದಿಸುವುದಿಲ್ಲ. ಇಲ್ಲಿ ಮೊದಲ ಪರೀಕ್ಷೆ ಗೇರ್ ಆಯಿಲ್. ಗ್ಯಾರೇಜಿನಲ್ಲಿ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಸಿ ಮಟ್ಟ ನೋಡಿಸಿ. ಕಡಿಮೆ ಇದ್ದರೆ ತುಂಬಿಸಿ, ಎಲ್ಲಿಂದ ಸೋರಿತು ಎಂದೂ ಹುಡುಕಿಸಿ. ಆಯಿಲಿನಲ್ಲಿ ಹೊಳೆಯುವ ಲೋಹದ ಚೂರು ಕೈಗೆ ಸಿಕ್ಕರೆ ಬಿಚ್ಚುವ ಕೆಲಸ, ಮನೆಯದ್ದಲ್ಲ.

ಈ ಗಾಡಿಗಳನ್ನು ಜಾಕ್ ಹಾಕುವಾಗ ಒಂದು ಎಚ್ಚರ: ಹಿಂದಿನ ಒಂದು ಗಾಲಿ ಎತ್ತಿದರೆ ಗೇರ್ ಆಗಲಿ ಹ್ಯಾಂಡ್‌ಬ್ರೇಕ್ ಆಗಲಿ ಮೊದಲಿನಂತೆ ಗಾಡಿಯನ್ನು ಹಿಡಿದಿಡುವುದಿಲ್ಲ. ಮುಂದಿನ ಗಾಲಿಗೆ ಕೊಟ್ಟ ಕಲ್ಲೇ ಆಧಾರ. ಮನೆಯಲ್ಲಿ ಮಾಡದಿರುವುದೇ ಲೇಸು.

ನೆರೆನೀರಿನಲ್ಲಿ ಹೋದ ಮೇಲೆ ಶುರುವಾದ ಸದ್ದು

ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ತುಂಬಿ ಹರಿದಾಗ ನೀರಿನಲ್ಲಿ ನಿಂತ ಗಾಡಿಗಳೆಷ್ಟೋ. ನೀರಿನಲ್ಲಿ ದಾಟಿದ ಗಾಡಿಯ ಸದ್ದು ಅಂದೇ ಬರುವುದಿಲ್ಲ. ಓಡಿ ಬಿಸಿಯಾದ ಹಬ್ (ಗಾಲಿ ಕೂರುವ ನಡುಭಾಗ) ಮತ್ತು ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಅಂಚಿನಿಂದಲೋ ಡಿಫರೆನ್ಷಿಯಲ್‌ನ ಉಸಿರುಕೊಳವೆಯಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸ್ ತೊಳೆದುಹೋಗಿ, ತುಕ್ಕು ಹಿಡಿದು, ಗುಳಿ ಬಿದ್ದು ಸದ್ದು ಕೇಳುವಾಗ ನೆರೆಯ ನೆನಪೂ ಮಾಸಿರುತ್ತದೆ. ಗಾಲಿಯ ನಡುಭಾಗ ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ ಸದ್ದಿಗೆ ಕಾಯದೆ ಡಿಫರೆನ್ಷಿಯಲ್ ಆಯಿಲ್ ತೆಗೆಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ.

ಬೈತಖೋಲದಲ್ಲೋ ತದಡಿಯಲ್ಲೋ ಮೀನು ತುಂಬುವ ಗಾಡಿಗಳಿಗೆ ಇದು ವರ್ಷವಿಡೀ ಇರುವ ಕಷ್ಟ. ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಉಪ್ಪುನೀರು ಹಿಂದಿನ ಹಬ್ ಮೇಲೆಯೇ ಹನಿಯುತ್ತದೆ. ದಿನದ ಕೊನೆಗೆ ಸಿಹಿನೀರಿನಲ್ಲಿ ಗಾಲಿಯೊಳಭಾಗ ತೊಳೆಯಬೇಕು. ಪ್ರೆಷರ್ ಪಂಪಿನ ನೀರನ್ನು ನೇರವಾಗಿ ಸೀಲಿಗೆ ಗುರಿಯಿಟ್ಟು ಬಿಟ್ಟರೆ ಅದೇ ನೀರು ಒಳಗೆ ನುಗ್ಗುತ್ತದೆ, ದೂರದಿಂದ ಬಿಡಿಸಿ.

ಗ್ಯಾರೇಜಿನಲ್ಲಿ

"ಸದ್ದು ಬರ್ತದೆ, ನೋಡಿ" ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರಬೇಡಿ. ಹೀಗೆ ಹೇಳಿ: "ಅಣ್ಣಾ, 50ರ ಮೇಲೆ ಹೋದ್ರೆ ಗುಂಯ್ ಅಂತದೆ. ಡಾಂಬರಾದ್ರೂ ಕಾಂಕ್ರೀಟಾದ್ರೂ ಅದೇ ಸದ್ದು. ಎಡಕ್ಕೆ ತಿರುಗಿದ್ರೆ ಜಾಸ್ತಿ ಆಗ್ತದೆ. ಟೈರ್ ಹಿಂದೆಮುಂದೆ ಮಾಡಿಸಿ ಆಯ್ತು, ಬದಲಾಗಲಿಲ್ಲ." ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಕೇಳಿಸಿ ಬರುವುದು ಇನ್ನೂ ಉತ್ತಮ.

ಹಿಂದಿನ ಬೇರಿಂಗ್ ಎಲ್ಲ ಕಾರಿನಲ್ಲೂ ಒಂದೇ ತರಹ ಇರುವುದಿಲ್ಲ. ಕೆಲವದರಲ್ಲಿ ಡ್ರಮ್ಮಿನೊಳಗೆ ಒತ್ತಿ ಕೂರಿಸಿದ್ದು, ಕೆಲವದರಲ್ಲಿ ಹಬ್ ಸಮೇತ ಬೋಲ್ಟ್ ಹಾಕುವಂಥದು. ಒತ್ತಿ ಕೂರಿಸುವುದಾದರೆ ಹೈಡ್ರಾಲಿಕ್ ಪ್ರೆಸ್ ಇರುವಲ್ಲೇ ಮಾಡಿಸಿ. ಸುತ್ತಿಗೆಯಿಂದ ಬಡಿದು ಕೂರಿಸಿದ ಹೊಸ ಬೇರಿಂಗ್‌ನಲ್ಲಿ ಹೊಡೆತಕ್ಕೇ ಗುಳಿ ಬೀಳುತ್ತದೆ, ಸದ್ದು ಬೇಗ ಮರಳುತ್ತದೆ. ಎಬಿಎಸ್ ಇದ್ದರೆ ಕಾಂತದ ಬದಿ ಸೆನ್ಸರ್ ಕಡೆಗೇ ಇರಬೇಕು. ಅಂಚು ಬಡಿದು ಲಾಕ್ ಮಾಡುವ ಹಬ್ ನಟ್ ಆದರೆ ಹಳೆಯದನ್ನು ಮತ್ತೆ ಹಾಕಿಸಬೇಡಿ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಕಂಪನಿ ಹೇಳಿದ ಅಳತೆಗೆ. ಹಳೆ ಮಾದರಿಯ ಓರೆ ರೋಲರ್ ಬೇರಿಂಗ್‌ನಲ್ಲಿ ಅತಿ ಬಿಗಿಯಾದರೆ ಕಾಯುತ್ತದೆ, ಸಡಿಲಾದರೆ ಅಲುಗುತ್ತದೆ. ಅದರ ಗ್ರೀಸ್ ಮತ್ತು ಸೀಲ್ ಹೊಸದಾಗಿರಲಿ, ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ ಮರೆಯದಿರಲಿ.

ಒಂದು ಬದಿ ಕೆಟ್ಟರೆ ಎರಡೂ ಬದಿ ಬದಲಿಸಲೇಬೇಕೆಂದಿಲ್ಲ. ನೆರೆನೀರಿನಲ್ಲಿ ಮುಳುಗಿದ್ದ ಗಾಡಿಯಾದರೆ ಮಾತ್ರ ಇನ್ನೊಂದನ್ನೂ ತೆರೆದು ನೋಡಿಸುವುದು ನ್ಯಾಯ. ತೆಗೆದ ಬೇರಿಂಗ್ ಕೇಳಿ ತೆಗೆದುಕೊಂಡು ಕೈಯಲ್ಲಿ ತಿರುಗಿಸಿ ನೋಡಿ. ಕರಕರ ತಿಳಿದರೆ ರೋಗ ಇಲ್ಲೇ ಇತ್ತು. ನುಣ್ಣಗೆ ತಿರುಗಿದರೆ ಬಿಲ್ ಕೊಡುವ ಮುಂಚೆಯೇ ಮೆಕ್ಯಾನಿಕ್ ಜೊತೆ ಮತ್ತೊಮ್ಮೆ ಅದೇ ರಸ್ತೆಗೆ ಹೋಗಿ ಬನ್ನಿ. ಕೆಲಸವಾದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ, ಗಾಲಿಯ ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ.